ಹಲಸಿನ ಮರ ಹತ್ತಿದ ಯಮುನ

ಗಾಳಿಬೀಡಿನ ಉತ್ತಯ್ಯ ಮರ ಹತ್ತುವುದನ್ನು ಬಿಟ್ಟು ಮೂರು ವರ್ಷವಾಗಿತ್ತು. ಅದಕ್ಕೆ ಮೊದಲು ಸುತ್ತಮುತ್ತಲಿನ ತೋಟಗಳಲ್ಲಿ ಮರಗಸಿ ಎಂದರೆ ಅವನದೇ ಹೆಸರು. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ಮುಂಗಾರು ಶುರುವಾಗುವುದರೊಳಗೆ ಕಾಫಿ ತೋಟದ ನೆರಳು ಮರಗಳ ಕೊಂಬೆ ಇಳಿಸಿ, ಗಿಡಕ್ಕೆ ಬೇಕಾದಷ್ಟು ಬೆಳಕು ಬಿಡಿಸುವ ಕೆಲಸ ಅದು. ಉತ್ತಯ್ಯ ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಏಣಿಯಿಲ್ಲದೆ ಮರ ಏರುತ್ತಿದ್ದ. ಕೆಳಗೆ ಹಗ್ಗ ಹಿಡಿದು ನಿಲ್ಲುವವಳು ಅವನ ಹೆಂಡತಿ ಯಮುನ. ಮದುವೆಯಾದ ವರ್ಷದಿಂದಲೂ ಅದು ಅವಳ ಕೆಲಸ. ಅವನು ಕೊಂಬೆಗೆ ಹಗ್ಗ ಬಿಗಿದು ಕಡಿದರೆ ಇವಳು ಅದನ್ನು ಕಾಫಿ ಗಿಡದ ಒಂದು ರೆಂಬೆಯೂ ಮುರಿಯದ ಹಾಗೆ ಸಾಲಿನ ನಡುವೆ ಇಳಿಸುತ್ತಿದ್ದಳು.

ಒಂದು ಮೇ ತಿಂಗಳಲ್ಲಿ ಬಳಂಜಿ ಮರದ ಕೊಂಬೆಯೊಂದು ಉತ್ತಯ್ಯನ ಕಾಲ ಕೆಳಗೆ ಮುರಿಯಿತು. ಅವನು ತನ್ನನ್ನು ಮರಕ್ಕೆ ಕಟ್ಟಿಕೊಂಡಿರಲಿಲ್ಲ, ಯಾವತ್ತೂ ಕಟ್ಟಿಕೊಂಡವನಲ್ಲ. ಕಾಫಿ ಗಿಡದ ಮೇಲೆ ಬಿದ್ದದ್ದರಿಂದ ಜೀವ ಉಳಿಯಿತು, ಕಾಲಿನ ಮೂಳೆ ಮುರಿಯಿತು. ಆಪರೇಷನ್ ಆಗಿ, ಕಾಲು ಕೂಡಿ, ನಡಿಗೆ ಸರಿಯಾಯಿತು. ಆದರೆ ಏಣಿಯ ಮೇಲೆ ಎರಡು ಹೆಜ್ಜೆ ಇಟ್ಟರೆ ಅಂಗೈ ಬೆವರಿ, ಕಣ್ಣಿಗೆ ಕತ್ತಲೆ ಕವಿಯುತ್ತಿತ್ತು. ಊರವರ ಹತ್ತಿರ ಡಾಕ್ಟರ್ ಮರ ಹತ್ತಬೇಡ ಅಂದಿದ್ದಾರೆ ಎಂದು ಹೇಳಿಕೊಂಡು ತಿರುಗಿದ. ನಿಜ ಗೊತ್ತಿದ್ದದ್ದು ಯಮುನಳಿಗೆ ಮಾತ್ರ. ಅವಳು ಅದನ್ನು ಯಾರಿಗೂ ಹೇಳಲಿಲ್ಲ, ಅವನ ಮುಂದೆ ಮಾತೆತ್ತಲೂ ಇಲ್ಲ.

ಈ ವರ್ಷ ಹೂಮಳೆ ಚೆನ್ನಾಗಿ ಆಗಿ, ಕಾಫಿ ಹೂವೆಲ್ಲ ಉದುರಿದ ಮೇಲೆ ಒಂದು ಬೆಳಿಗ್ಗೆ ಅಂಗನವಾಡಿಯ ಟೀಚರ್ ವಿಮಲಮ್ಮ ಇವರ ಮನೆಗೆ ಬಂದರು. ಸೋಮವಾರಪೇಟೆ ಕಡೆಯವರು, ಇಲ್ಲಿಗೆ ಬಂದು ಬಹಳ ವರ್ಷವಾಗಿದೆ. ಅಂಗಳದಲ್ಲೇ ನಿಂತು, ಕೊಟ್ಟ ನೀರನ್ನೂ ಕುಡಿಯದೆ ವಿಷಯ ಹೇಳಿದರು. ಅಂಗನವಾಡಿಯ ಪಕ್ಕದ ಹಲಸಿನ ಮರದ ಒಂದು ದೊಡ್ಡ ಕೊಂಬೆ ಕಳೆದ ಮಳೆಗಾಲದ ಗಾಳಿಯಲ್ಲಿ ಸೀಳಿ, ಈಗ ಪೂರ್ತಿ ಒಣಗಿದೆ. ಅದು ಇರುವುದು ನೇರ ಹೆಂಚಿನ ಮೇಲೆ. ಮಳೆ ಹಿಡಿಯುವ ಮೊದಲು ಏನಾದರೂ ಮಾಡದಿದ್ದರೆ ಅಲ್ಲಿ ಮಕ್ಕಳನ್ನು ಕೂರಿಸುವಂತಿಲ್ಲ. ಈಗಾಗಲೇ ಅವರು ಮಕ್ಕಳನ್ನು ಹಾಲಿನ ಡೈರಿಯ ಜಗುಲಿಯಲ್ಲಿ ಕೂರಿಸಿಕೊಂಡು ಹಾಡು ಹೇಳಿಕೊಡುತ್ತಿದ್ದರು. ಪಂಚಾಯಿತಿ ಮೆಂಬರ್ ದೀಕ್ಷಿತ್ ಮರವನ್ನೇ ಬುಡದಿಂದ ಕಡಿಸಿಬಿಡೋಣ ಅನ್ನುತ್ತಿದ್ದಾನಂತೆ.

"ಕೊಂಬೆ ಹೋಗ್ಲಿ ಉತ್ತಯ್ಯಣ್ಣ, ಮರ ಹೋಗ್‌ಬಾರ್ದು. ಆ ನೆರಳು ಇಲ್ದೆ ಹೋದ್ರೆ ಮಧ್ಯಾಹ್ನ ಮಕ್ಳು ಹೆಂಚಿನ ಕೆಳಗೆ ಬೆಂದು ಹೋಗ್ತವೆ. ನೀವೊಂದ್ಸಲ ಬಂದು ನೋಡಿ," ಎಂದರು ವಿಮಲಮ್ಮ.

ಉತ್ತಯ್ಯ ಹೋದ. ಯಮುನಳೂ ಹಿಂದೆಯೇ ಹೊರಟಳು. ದೀಕ್ಷಿತ್ ಅಲ್ಲಿಗೆ ಮೊದಲೇ ಬಂದಿದ್ದ. ಒಳ್ಳೆಯ ಹುಡುಗ, ಆದರೆ ಒಂದು ಕೆಲಸ ತಲೆಗೆ ಬಂದರೆ ಮುಗಿಸುವ ತನಕ ನಿದ್ರೆಯಿಲ್ಲ. ಮಕ್ಕಳಿಗೆ ಏನಾದರೂ ಆದರೆ ಜವಾಬ್ದಾರಿ ಯಾರು ಎಂದು ಅವನು ಕೇಳಿದ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ಉತ್ತಯ್ಯ ಮರದ ಸುತ್ತ ನಿಧಾನವಾಗಿ ನಡೆದು, ಬುಡವನ್ನು ಕತ್ತಿಯ ಹಿಡಿಯಿಂದ ತಟ್ಟಿ ನೋಡಿ, ಮರ ಗಟ್ಟಿಯಾಗಿದೆ ಎಂದ. ಒಣಗಿದ ಕೊಂಬೆಯೊಂದನ್ನು ತೆಗೆದು, ಹೆಂಚಿನ ಕಡೆ ಬಾಗಿದ ಇನ್ನೆರಡು ಹಸಿ ಕೊಂಬೆಗಳ ತುದಿ ಹಗುರ ಮಾಡಿದರೆ ಗಾಳಿ ಮರದೊಳಗೆ ನುಗ್ಗಿ ಆಚೆ ಹೋಗುತ್ತದೆ, ಮರಕ್ಕೂ ಒಳ್ಳೆಯದು ಎಂದು ದೀಕ್ಷಿತನಿಗೆ ತಿಳಿಯುವ ಹಾಗೆ ಬೆರಳು ಮಾಡಿ ತೋರಿಸಿದ. ಆಮೇಲೆ ಒಣ ಕೊಂಬೆಯ ನಡುವಿನ ಒಂದು ತೂತನ್ನು ತೋರಿಸಿದ. ಅಲ್ಲಿ ತುಡುವೆ ಜೇನು ಒಳಗೆ ಹೊರಗೆ ಹಾರಾಡುತ್ತಿತ್ತು. ಕೊಂಬೆ ಒಳಗೆ ಟೊಳ್ಳಾಗಿ, ಜೇನಿಗೆ ಮನೆಯಾಗಿತ್ತು.

ದೀಕ್ಷಿತ್ ಒಪ್ಪಿದ. ಮರ ಉಳಿಯುವುದಾದರೆ ತನಗೂ ಸಂತೋಷವೇ, ಕೊಂಬೆ ತೆಗೆಯಲು ಅನುಮತಿ ತರುವುದು ತನ್ನ ಕೆಲಸ, ಹತ್ತುವವರು ಯಾರು ಎಂದು ಕೇಳಿದ.

ಅದೇ ಕಷ್ಟ. ಮರಗಸಿಯ ಕಾಲದಲ್ಲಿ ಹತ್ತುವವರು ಕೈಗೆ ಸಿಗುವುದಿಲ್ಲ. ಉತ್ತಯ್ಯನ ಜೊತೆ ಕೆಲಸ ಕಲಿತ ಮಾರಿ ಅಮ್ಮತ್ತಿಯ ಎಸ್ಟೇಟಿನ ಕೂಲಿ ಲೈನಿನಲ್ಲಿದ್ದ, ಮಳೆ ಹಿಡಿಯುವವರೆಗೆ ಬಿಡುವಿಲ್ಲ ಎಂದು ಫೋನಿನಲ್ಲೇ ಹೇಳಿದ. ಚೆಟ್ಟಳ್ಳಿಯ ಇನ್ನೊಬ್ಬ ಫೋನೇ ಎತ್ತಲಿಲ್ಲ. ಎಲ್ಲರೂ ಉತ್ತಯ್ಯನ ಮುಖ ನೋಡಿದರು. ಅವನು ತನ್ನ ಕಾಲು ನೋಡಿಕೊಂಡ.

"ನಾನು ಹತ್ತುತ್ತೇನೆ," ಎಂದಳು ಯಮುನ.

ತಮಾಷೆ ಇರಬೇಕೆಂದು ದೀಕ್ಷಿತ್ ನಕ್ಕ. ಯಮುನ ನಗಲಿಲ್ಲ. ತವರಿನಲ್ಲಿ ತಾವೆಲ್ಲ ಹೆಣ್ಣುಮಕ್ಕಳೇ, ಗಂಡುಮಕ್ಕಳಿಲ್ಲ, ಕರಿಮೆಣಸು ಕುಯ್ಯಲು ಒಂಟಿ ಬಿದಿರಿನ ಏಣಿ ಹತ್ತುತ್ತಿದ್ದವಳು ತಾನೇ, ಹಗ್ಗದ ಕೆಲಸ ಇಷ್ಟು ವರ್ಷದಿಂದ ಗೊತ್ತಿದೆ ಎಂದು ವಿಮಲಮ್ಮನ ಕಡೆ ತಿರುಗಿ ಹೇಳಿದಳು. ಗಂಡನ ಕಡೆ ನೋಡಲಿಲ್ಲ.

ಮನೆಗೆ ಬರುವ ದಾರಿಯಲ್ಲಿ ಉತ್ತಯ್ಯ ಬೇಗ ಬೇಗ ಮುಂದೆ ನಡೆದ. ಊಟಕ್ಕೆ ಕೂತ. ಅಕ್ಕಿತರಿಯ ಕಡಂಬಿಟ್ಟು ಬಡಿಸಿದರೆ ತಿಂದ, ಇನ್ನೊಂದು ಬೇಕೇ ಎಂದರೆ ಬೇಡವೆಂದು ತಲೆಯಾಡಿಸಿದ. ಕೊನೆಗೆ ಕೈ ತೊಳೆದು ಬಂದು ಬಾಗಿಲ ಹತ್ತಿರ ನಿಂತು ಹೇಳಿದ.

"ನಿಂಗೆ ಎಂತಾದ್ರೂ ಆದ್ರೆ ನಾ ಎಂತ ಮಾಡೋದು? ಕೆಳಗೆ ನಿಂತ್ಕಂಡ್ ನೋಡಿಕೆ ನಂಗೆ ಆಕಿಲ್ಲೆ."

ಯಮುನ ಪಾತ್ರೆ ಕೆಳಗಿಟ್ಟಳು. "ಮದುವೆ ಆದಲ್ಲಿಂದ ನಾನ್ ಮಾಡ್ದು ಅದೇ ಕೆಲ್ಸ ಅಲ್ವಾ? ದಿನಾ ಕೆಳಗೆ ನಿಂತ್ಕಂಡ್ ನೋಡ್ದು. ಈಗ ಸ್ವಲ್ಪ ದಿನ ನೀವು ನೋಡಿ."

ಅಷ್ಟು ವರ್ಷ ಅವಳೂ ಹೆದರಿಕೊಂಡೇ ನಿಂತಿದ್ದಳು ಎಂಬುದು ಉತ್ತಯ್ಯನ ತಲೆಗೆ ಯಾವತ್ತೂ ಬಂದಿರಲಿಲ್ಲ. ಆಮೇಲೆ ನಗು ಬಂತು. ತಡೆದುಕೊಳ್ಳಲು ನೋಡಿದ, ಆಗಲಿಲ್ಲ. ಯಮುನಳೂ ನಕ್ಕಳು. ಇಬ್ಬರೂ ಅಡುಗೆಮನೆಯಲ್ಲಿ ನಿಂತು ಯಾಕೆಂದು ಗೊತ್ತಿಲ್ಲದೆ ಬಹಳ ಹೊತ್ತು ನಕ್ಕರು.

ಮರುದಿನದಿಂದ ಅವರ ಸ್ವಂತ ತುಂಡು ತೋಟದಲ್ಲೇ ಪಾಠ ಶುರುವಾಯಿತು. ಉತ್ತಯ್ಯ ಬಿದ್ದ ಮೇಲೆ ಮಗಳು ಅಶ್ವಿತಾ ಮೈಸೂರಿನ ತನ್ನ ಗಂಡನ ಮನೆಯಿಂದ ಒಂದು ಸೊಂಟದ ಬೆಲ್ಟ್ ತಂದುಕೊಟ್ಟಿದ್ದಳು, ಅಪ್ಪ ಮತ್ತೆ ಹತ್ತುವುದಾದರೆ ಇದನ್ನು ಕಟ್ಟಿಕೊಂಡೇ ಹತ್ತಬೇಕು ಎಂದು. ಅದು ಚೀಲದಿಂದ ಹೊರಗೆ ಬಂದೇ ಇರಲಿಲ್ಲ. ಈಗ ಉತ್ತಯ್ಯ ಅದನ್ನು ಯಮುನಳ ಸೊಂಟಕ್ಕೆ ಹಾಕಿ, ಎಳೆದು, ತಿರುಗಿಸಿ, ಮತ್ತೆ ಎಳೆದು ನೋಡಿದ. ಅವಳು ಚೂಡಿದಾರದ ಪ್ಯಾಂಟಿನ ಮೇಲೆ ಅವನ ಹಳೆಯ ಶರಟು ತೊಟ್ಟು, ತಲೆಗೆ ಅವನ ಸ್ಕೂಟರಿನ ಹೆಲ್ಮೆಟ್ ಇಟ್ಟುಕೊಂಡು ನಿಂತಾಗ, ಬೇಲಿಯಾಚೆ ಹುಲ್ಲು ಕುಯ್ಯುತ್ತಿದ್ದ ನೆರೆಮನೆಯ ಚಲುವಮ್ಮ ಯಾರೋ ಲೈನ್‌ಮ್ಯಾನ್ ಬಂದಿದ್ದಾನೆಂದು ತಿಳಿದು, ಕರೆಂಟ್ ಯಾವಾಗ ಬರುತ್ತದೆ ಎಂದು ಕೇಳಿದಳು.

ಮೊದಲು ಸಣ್ಣ ಹಾಲುವಾಣದ ಮರ, ಆಮೇಲೆ ಸಿಲ್ವರ್ ಓಕ್, ಆಮೇಲೆ ಅಂಗಳದ ಹಿಂದಿನ ದೊಡ್ಡ ಅತ್ತಿ. ಯಮುನಳ ಕಾಲಿಗೆ ಹಳೆಯದೆಲ್ಲ ನೆನಪಿತ್ತು. ಉತ್ತಯ್ಯ ಹೇಳಿಕೊಟ್ಟದ್ದು ಹತ್ತುವುದನ್ನಲ್ಲ, ಕಡಿಯುವುದನ್ನು. ಕೊಂಬೆಯ ಕೆಳಗಿನಿಂದ ಮೊದಲು ಅರ್ಧ ಗೇಣಿಗೂ ಕಡಿಮೆ ಗರಗಸ ಆಡಿಸಬೇಕು, ಇಲ್ಲದಿದ್ದರೆ ಬೀಳುವ ಕೊಂಬೆ ಬುಡದ ಸಿಪ್ಪೆಯನ್ನೂ ಹರಿದುಕೊಂಡು ಹೋಗುತ್ತದೆ. ಆಮೇಲೆ ಅದಕ್ಕಿಂತ ಸ್ವಲ್ಪ ಆಚೆ ಮೇಲಿನಿಂದ ಕೊಯ್ದು ಭಾರ ಇಳಿಸಬೇಕು. ಉಳಿದ ಮೋಟನ್ನು ಕೊನೆಗೆ ತೆಗೆಯುವಾಗ ಕಾಂಡದ ಹತ್ತಿರ ಕೊಂಬೆ ಉಬ್ಬಿರುವ ಜಾಗವನ್ನು ಮುಟ್ಟಬಾರದು, ಗಾಯ ಮುಚ್ಚಿಕೊಳ್ಳುವುದು ಆ ಉಬ್ಬಿನಿಂದಲೇ. ಯಮುನಳಿಗೆ ಇದೆಲ್ಲ ಕೆಳಗಿನಿಂದ ನೋಡಿ ಗೊತ್ತಿತ್ತು, ಆದರೆ ಮೇಲೆ ಕೂತು, ಒಂದು ಕೈಯಲ್ಲಿ ಮರ ಹಿಡಿದು ಮಾಡುವಾಗ ಬೇರೆಯೇ ಆಗಿತ್ತು. ಮೊದಲ ದಿನ ಅವಳು ಇಳಿಸಿದ ಕೊಂಬೆ ಎರಡು ಕಾಫಿ ಗಿಡ ಮುರಿಯಿತು. ಉತ್ತಯ್ಯ ಮುರಿದ ಗಿಡ ಬದಿಗೆ ಸರಿಸಿ, ಇನ್ನೊಂದು ಕೊಂಬೆ ತೋರಿಸಿದ.

ವಾರ ಕಳೆಯುವುದರೊಳಗೆ ಅವರ ತೋಟದ ಮರಗಸಿಯೇ ಮುಗಿದಿತ್ತು. ಬೆಳಿಗ್ಗೆ ಕಾಫಿ ಗಿಡಗಳ ಮೇಲೆ ಚುಕ್ಕೆ ಚುಕ್ಕೆಯಾಗಿ ಬಿಸಿಲು ಬಿದ್ದಿರುವುದನ್ನು ನೋಡುತ್ತ ಇಬ್ಬರೂ ಲೋಟ ಹಿಡಿದು ಮೆಟ್ಟಿಲ ಮೇಲೆ ಕೂರುತ್ತಿದ್ದರು. ಉತ್ತಯ್ಯ ಅಲ್ಲಿ ಇನ್ನೊಂದು ಕೊಂಬೆ ತೆಗೆಯಬಹುದಿತ್ತು ಎಂದರೆ ಯಮುನ ಬೇಡ ಅನ್ನುತ್ತಿದ್ದಳು. ಮೇಲೆ ಹೋದವಳು ನಾನು, ನನಗೆ ಕಾಣುತ್ತದೆ ಎಂಬ ಅವಳ ಮಾತು ಅವನಿಗೆ ಹಿತವಾಗಿಯೇ ಇತ್ತು. ಅದೇ ಮಾತನ್ನು ಅವನು ಅವಳಿಗೆ ಸಾವಿರ ಸಲ ಹೇಳಿದ್ದ.

ಅಂಗನವಾಡಿಯ ಕೆಲಸಕ್ಕೆ ಒಂದು ಶನಿವಾರ ಗೊತ್ತಾಯಿತು. ಊರಿಗೆ ಸುದ್ದಿ ಹಬ್ಬಿತ್ತು. ಬೆಳಿಗ್ಗೆಯೇ ಹೆಂಗಸರು ಕಂಕುಳಲ್ಲಿ ಮಕ್ಕಳನ್ನು ಕಟ್ಟಿಕೊಂಡು ಬಂದರು. ಗಂಡಸರು ಡೈರಿಗೆ ಹಾಲು ಹಾಕಿ ಕ್ಯಾನ್ ಹಿಡಿದುಕೊಂಡೇ ನಿಂತರು. ಉತ್ತಯ್ಯ ಎಲ್ಲರನ್ನೂ ರಸ್ತೆಯ ಆಚೆ ಕಳಿಸಿ, ನಡುವೆ ಒಂದು ಹಗ್ಗ ಕಟ್ಟಿದ. ಕೊಂಬೆಯ ಕೆಳಗೆ ಬರುವ ಹೆಂಚುಗಳನ್ನು ದೀಕ್ಷಿತ್ ತೆಗೆಸಿ ಜೋಡಿಸಿಟ್ಟಿದ್ದ. ಅಂಗನವಾಡಿಯಲ್ಲಿ ಅಡುಗೆ ಮಾಡುವ ಪಾಪ ಎಂಬ ಹೆಂಗಸು, ತನ್ನನ್ನೂ ಕೆಲಸಕ್ಕೆ ಸೇರಿಸಿಕೊಳ್ಳಬೇಕೆಂದು ಸೆರಗು ಬಿಗಿದು ಬಂದಳು. ಕೊಂಬೆ ಹೆಂಚಿನ ಕಡೆ ತಿರುಗದಂತೆ ಎಳೆದು ಹಿಡಿಯುವ ಹಗ್ಗ ಅವಳ ಕೈಗೂ ದೀಕ್ಷಿತನ ಕೈಗೂ ಬಂತು. ಮೇಲಿನ ಕವಲನ್ನು ಹಾದು ಬರುವ ಭಾರದ ಹಗ್ಗವನ್ನು ಉತ್ತಯ್ಯ ಪಕ್ಕದ ನೇರಳೆ ಮರದ ಬುಡಕ್ಕೆ ಮೂರು ಸುತ್ತು ಸುತ್ತಿ ತಾನೇ ಹಿಡಿದ.

ಹಸಿ ಕೊಂಬೆಗಳ ತುದಿ ಇಳಿಸಿದ್ದು ಬೆಳಗಿನ ಹೊತ್ತಿನಲ್ಲಿ. ಹಲಸಿನ ಅಂಟಿಗೆ ಗರಗಸ ಕಚ್ಚಿಕೊಳ್ಳದಂತೆ ಯಮುನ ಆಗಾಗ ಅದಕ್ಕೆ ತೆಂಗಿನೆಣ್ಣೆ ಸವರಿದಳು. ಒಂದೊಂದು ಕೊಂಬೆ ನೆಲ ಮುಟ್ಟಿದಾಗಲೂ ರಸ್ತೆಯಾಚೆಯ ಮಕ್ಕಳು ಚಪ್ಪಾಳೆ ತಟ್ಟಿದವು. ಮೊದಲೇ ಹಣ್ಣಾಗಿದ್ದ ಎರಡು ಹಲಸನ್ನೂ ಹಗ್ಗದಲ್ಲೇ ಇಳಿಸಿದಳು. ಒಣ ಕೊಂಬೆಯನ್ನು ಮಾತ್ರ ಬಿಸಿಲು ಇಳಿಯುವವರೆಗೆ ಮುಟ್ಟಬಾರದೆಂದು ಉತ್ತಯ್ಯ ಮೊದಲೇ ಹೇಳಿದ್ದ. ಜೇನೆಲ್ಲ ಗೂಡು ಸೇರಿದ ಮೇಲೆ ತೂತಿಗೆ ಬಟ್ಟೆ ತುರುಕಿ ಕೊಂಬೆಯನ್ನು ಹಾಗೆಯೇ ಇಳಿಸಿದರೆ ಗೂಡೂ ಉಳಿಯುತ್ತದೆ.

ಮಧ್ಯಾಹ್ನ ಮನೆಗೆ ಹೋದವರೆಲ್ಲ ಸಂಜೆಯ ಹೊತ್ತಿಗೆ ಮತ್ತೆ ಬಂದು ಸೇರಿದರು. ಯಮುನ ಮುಖಕ್ಕೆ ತೆಳು ಬಟ್ಟೆ ಸುತ್ತಿಕೊಂಡು ಹತ್ತಿ, ತನ್ನನ್ನು ಗಟ್ಟಿ ಕಾಂಡಕ್ಕೆ ಕಟ್ಟಿಕೊಂಡು, ತೂತಿಗೆ ಬಟ್ಟೆ ತುಂಬಿದಳು. ಕೆಳಗಿನ ಕೊಯ್ತ ಆಯಿತು. ಮೇಲಿನ ಕೊಯ್ತ ಅರ್ಧಕ್ಕೆ ಬಂದಾಗ ಕೊಂಬೆ ಒಮ್ಮೆ ನಡುಗಿತು, ತೂತಿನ ಬಟ್ಟೆ ಜಾರಿ ಬಿತ್ತು.

ಜೇನು ಹೊಗೆಯ ಹಾಗೆ ಹೊರಗೆ ಬಂತು. ಕೆಳಗಿದ್ದವರಿಗೆ ಯಮುನಳ ಹೆಲ್ಮೆಟ್ ಕಾಣಿಸುತ್ತಿರಲಿಲ್ಲ, ಅಷ್ಟು ಹುಳು. ಅವಳು ಗರಗಸ ನಿಲ್ಲಿಸಿ ಕಾಂಡವನ್ನು ತಬ್ಬಿಕೊಂಡಳು. ಬೆಲ್ಟ್ ಬಿಚ್ಚಿ ಇಳಿಯಲು ಹೋದರೆ ಕೈ ತಪ್ಪುತ್ತದೆ ಎಂದು ಅವಳಿಗೆ ಗೊತ್ತಿತ್ತು, ಆದರೂ ಒಂದು ಕೈ ಬಕಲಿನ ಕಡೆ ಹೋಗುತ್ತಿತ್ತು. ಉತ್ತಯ್ಯ ಅದನ್ನು ಕಂಡ. ಅವನು ಅಲ್ಲಿಂದ ಅಲ್ಲಾಡುವಂತಿರಲಿಲ್ಲ. ಅರ್ಧ ಕೊಯ್ದ ಕೊಂಬೆ ಯಾವ ಗಳಿಗೆಯಲ್ಲಿ ಮುರಿದರೂ ಅದರ ಭಾರವೆಲ್ಲ ಅವನ ಕೈಯ ಹಗ್ಗದ ಮೇಲೆ ಬರಬೇಕು. ಅವನಿಗೆ ಉಳಿದದ್ದು ಬಾಯಿ ಮಾತ್ರ.

"ಯಮುನ, ಬೆಲ್ಟ್ ಮುಟ್ಟಬೇಡ," ಎಂದ. ದನಿ ಏರಿಸಲಿಲ್ಲ. "ಕಣ್ಣು ಮುಚ್ಚಿಕೊ. ತುಡುವೆ ಅದು, ಹೆಜ್ಜೇನಲ್ಲ. ಈಗ ಒಳಗೆ ಹೋಗ್ತವೆ. ನನ್ನ ಮಾತು ಕೇಳ್."

ಸುಮ್ಮನಿದ್ದರೆ ಅವಳು ಹೆದರುತ್ತಾಳೆ. ಬಾಯಿಗೆ ಬಂದದ್ದನ್ನು ಶುರು ಮಾಡಿದ.

"ನಿನ್ನ ನೋಡಿಕೆ ಬಂದ ದಿನ ನೆನಪುಟ್ಟಾ? ನೀ ಮೆಣಸಿನ ಏಣಿ ಮೇಲೆ ಇದ್ದೆ."

ಉತ್ತಯ್ಯ ಹಗ್ಗವನ್ನೂ ಅವಳನ್ನೂ ಬಿಟ್ಟು ಬೇರೇನನ್ನೂ ನೋಡದೆ ಹೇಳುತ್ತ ಹೋದ. ಹಿರಿಯರು ಹಿಂದೆ ಬರುತ್ತಿದ್ದರು, ತಾನು ಮುಂದೆ ನಡೆದು ಬಂದಿದ್ದ. ತೋಟದಲ್ಲಿ ಏಣಿಯ ತುದಿಯಲ್ಲಿ ಒಂದು ಹುಡುಗಿ, ಸೊಂಟದಲ್ಲಿ ಮೆಣಸಿನ ಚೀಲ. ಮನೆಗೆ ದಾರಿ ಯಾವುದು ಎಂದು ಕೇಳಿದರೆ ಕಾಲಿನಿಂದಲೇ ತೋರಿಸಿದಳು. ಯಾರಾದರೂ ಸಿಕ್ಕರೆ ನಾನು ಇಲ್ಲಿರುವುದನ್ನು ಹೇಳಬೇಡಿ, ಇಂದು ನನ್ನನ್ನು ನೋಡಲು ಯಾರೋ ಬರುವವರಿದ್ದಾರೆ, ಈ ಬಳ್ಳಿ ಮುಗಿಯದೆ ನಾನು ಇಳಿಯುವುದಿಲ್ಲ ಎಂದಳು. ಬರುವವನು ನಾನೇ ಎಂದು ಹೇಳಲು ತನಗೆ ಧೈರ್ಯ ಬರಲಿಲ್ಲ. ಅಲ್ಲಿಂದ ಮನೆಯವರೆಗೆ ನಡೆಯುವುದರೊಳಗೆ ಮದುವೆಯಾದರೆ ಇವಳನ್ನೇ ಎಂದು ತೀರ್ಮಾನವಾಗಿತ್ತು.

ಯಾರೋ ಕಿಸಕ್ಕನೆ ನಕ್ಕರು. ವಿಮಲಮ್ಮ ನಕ್ಕವರ ಬಾಯಿಯ ಮೇಲೆ ಕೈಯಿಟ್ಟರು. ಮೇಲೆ ಯಮುನಳ ಕೈ ಬಕಲ್ ಬಿಟ್ಟು ಕಾಂಡಕ್ಕೆ ವಾಪಸು ಬಂದಿತ್ತು.

"ಆಮೇಲೆ ನೀ ಸೀರೆ ಉಟ್ಟುಕಂಡ್ ಕಾಫಿ ತಂದೆ," ಎಂದ ಉತ್ತಯ್ಯ. "ನಿನ್ನ ತಲೇಲಿ ಒಂದು ಕೆಂಜಿಗ ಇರುವೆ ಹರೀತಿತ್ತು. ನಾ ಅದನ್ನೇ ನೋಡ್ತಾ ಕೂತಿದ್ದೆ. ನಿನ್ನ ಅಪ್ಪ ನಂಗೆ ಎಂತ ಕೇಳ್ದ್ರು, ನಾ ಎಂತ ಹೇಳ್ದೆ, ಒಂದೂ ಗೊತ್ತಿಲ್ಲೆ. ಇವಳು ನನ್ಗಿಂತ ಚೆನ್ನಾಗಿ ಮರ ಹತ್ತುತಾಳೆ ಅಂತ ಮಾತ್ರ ಗೊತ್ತಿತ್ತು."

ಊರಿನವರು ಉತ್ತಯ್ಯನ ಬಾಯಲ್ಲಿ ಒಂದೇ ಸಲಕ್ಕೆ ಇಷ್ಟು ಮಾತು ಕೇಳಿದ್ದು ಇದೇ ಮೊದಲು. ಅವನು ಇನ್ನೂ ಹೇಳಿದ. ಮದುವೆಯ ದಿನ ಸುರಿದ ಮಳೆ, ಅಶ್ವಿತಾ ಹುಟ್ಟಿದ ಸುದ್ದಿ ಬಂದಾಗ ತಾನು ಮರದ ಮೇಲೆಯೇ ಕತ್ತಿ ಕೈಬಿಟ್ಟದ್ದು, ಹೀಗೆ ಒಂದರ ಹಿಂದೆ ಒಂದು. ಅಷ್ಟರಲ್ಲಿ ಬೆಳಕು ಇನ್ನಷ್ಟು ಇಳಿದು, ಹುಳುಗಳು ಒಂದೊಂದಾಗಿ ತೂತಿನ ಬಾಯಿಗೆ ಹೋಗಿ ಕೂತು ಒಳಗೆ ಸರಿದವು. ಹಾರಾಟ ನಿಂತಿತು. ಯಮುನ ಮುಖಕ್ಕೆ ಸುತ್ತಿದ್ದ ಬಟ್ಟೆಯನ್ನು ಬಿಚ್ಚಿ, ಈ ಸಲ ಬಿಗಿಯಾಗಿ ಉಂಡೆ ಮಾಡಿ ತೂತಿಗೆ ತುರುಕಿದಳು. ಗರಗಸ ಮತ್ತೆ ಆಡತೊಡಗಿತು.

ಕೊಂಬೆ ಲಟಕ್ಕೆಂದು ಬಿಟ್ಟುಕೊಂಡಾಗ ನೇರಳೆ ಮರದ ಬುಡದಲ್ಲಿ ಹಗ್ಗ ಕಿರುಗುಟ್ಟಿತು. ಉತ್ತಯ್ಯ ಕಾಲು ಊರಿ ನಿಂತು ಗೇಣು ಗೇಣಾಗಿ ಬಿಟ್ಟ. ಪಾಪ ಮತ್ತು ದೀಕ್ಷಿತ್ ಹಿಂದಕ್ಕೆ ವಾಲಿ ಎಳೆದರು. ಕೊಂಬೆ ಹೆಂಚಿನಿಂದ ದೂರ ತೇಲಿ ಬಂದು, ಹಾಸಿಟ್ಟ ಹುಲ್ಲಿನ ಮೇಲೆ ಮಲಗಿತು. ಉತ್ತಯ್ಯ ಬಗ್ಗಿ ಅದಕ್ಕೆ ಕಿವಿಯಿಟ್ಟು ಕೇಳಿದ. ಒಳಗೆ ಗುಂಯ್ ಎಂಬ ಸದ್ದು ಹಾಗೇ ಇತ್ತು. ಅವನು ತಲೆಯಾಡಿಸಿದ್ದೇ ತಡ, ಮಕ್ಕಳೆಲ್ಲ ಹಗ್ಗ ದಾಟಿ ಓಡಿ ಬಂದವು. ಯಮುನ ಮೇಲೆ ಉಳಿದ ಮೋಟನ್ನು ಸರಿಯಾಗಿ ಕೊಯ್ದು, ನೀರು ನಿಲ್ಲದ ಹಾಗೆ ಓರೆ ಮಾಡಿ, ಗಾಯಕ್ಕೆ ಮೈಲುತುತ್ತ ಮತ್ತು ಸುಣ್ಣದ ಮುಲಾಮು ಹಚ್ಚಿಯೇ ಇಳಿದಳು.

ಇಳಿದಾಗ ಅವಳ ಒಂದು ಕೆನ್ನೆ ಊದಿಕೊಂಡು, ಕಣ್ಣು ಅರ್ಧ ಮುಚ್ಚಿತ್ತು. ಹೆಂಗಸರು ಸುತ್ತಲೂ ಸೇರಿ ಸುಣ್ಣ ಹಚ್ಚು, ಅರಿಶಿನ ಹಚ್ಚು ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಯಮುನ ಅವರನ್ನು ದಾಟಿ ಗಂಡನ ಹತ್ತಿರ ಬಂದಳು.

"ಕೆಂಜಿಗ ಇತ್ತಂತ ಆ ದಿನವೇ ಹೇಳಿಕೆ ಆಗಿಲ್ಲೆಯಾ?" ಎಂದು ಕೇಳಿದಳು. "ಕುತ್ತಿಗೆಲಿ ಕಚ್ಚಿ, ಎಲ್ಲರೆದುರು ತಟ್ಟೆ ಬಿಡೋ ಹಾಗೆ ಆಗಿತ್ತು ನಂಗೆ."

ಉತ್ತಯ್ಯ ಹಗ್ಗ ಸುತ್ತುತ್ತ ತಲೆ ತಗ್ಗಿಸಿದ. ಈಗ ಅವನ ಕಿವಿ ಕೆಂಪಗಾಗಿತ್ತು. ತಾನು ಇಡೀ ಊರಿನ ಮುಂದೆ ಮಾತಾಡಿದ್ದೇನೆ ಎಂಬುದು ಅವನಿಗೆ ಆಗ ಹೊಳೆದದ್ದು. ಜನ ಬಿಡಲಿಲ್ಲ. ಮುಂದೇನಾಯ್ತು ಎಂದು ದೀಕ್ಷಿತ್ ಕೇಳಿದ, ಮದುವೆಯ ದಿನದ ಮಳೆಯ ಕಥೆ ಪೂರ್ತಿ ಮಾಡಿ ಎಂದು ಚಲುವಮ್ಮ ಹಠ ಹಿಡಿದಳು. ಪಾಪ ಕೈಗೆ ಎಣ್ಣೆ ಸವರಿಕೊಂಡು ಒಂದು ಹಲಸಿನ ಹಣ್ಣು ಬಿಡಿಸಲು ಕೂತಳು. ಹಣ್ಣು ಮುಗಿಯುವವರೆಗೆ ಯಾರೂ ಮನೆಗೆ ಹೋಗಲಿಲ್ಲ. ಜೇನಿನ ಕೊಂಬೆಯನ್ನು ದೀಕ್ಷಿತನ ಜೀಪಿನಲ್ಲಿ, ದಾರಿಯ ಒಂದು ಗುಂಡಿಗೂ ಇಳಿಸದೆ, ಎರಡು ಗುಡ್ಡದಾಚೆಯ ಇವರ ತೋಟಕ್ಕೆ ತಂದು ಅತ್ತಿ ಮರದ ಕೆಳಗೆ ನಿಲ್ಲಿಸಿ, ತೂತಿನ ಬಟ್ಟೆ ತೆಗೆದರು.

ಸೋಮವಾರ ಹೆಂಚು ಹೊದಿಸಿ ಮುಗಿಯಿತು. ಮಕ್ಕಳು ಡೈರಿಯ ಜಗುಲಿಯಿಂದ ಚಾಪೆ ಸುತ್ತಿಕೊಂಡು ಸಾಲಾಗಿ ಅಂಗನವಾಡಿಗೆ ಬಂದವು. ವಿಮಲಮ್ಮ ಆ ದಿನ ಪಾಯಸ ಮಾಡಿಸಿ, ಉತ್ತಯ್ಯ ಯಮುನ ಇಬ್ಬರನ್ನೂ ಕರೆಸಿ, ಮಕ್ಕಳ ಸಣ್ಣ ಚಾಪೆಯ ಮೇಲೆಯೇ ಕೂರಿಸಿ ಬಡಿಸಿದರು.

ಆಮೇಲೆ ಇವರಿಗೆ ಬಿಡುವೇ ಸಿಗಲಿಲ್ಲ. ಮನೆಯ ಮೇಲೆ ಬಾಗಿದ ಮಾವು, ಕೊಟ್ಟಿಗೆಯ ಮೇಲಿನ ಸಂಪಿಗೆ, ಚೆಟ್ಟಳ್ಳಿಯ ಒಂದು ತೋಟದ ಸಾಲು ಸಾಲು ಸಿಲ್ವರ್ ಓಕ್, ಎಲ್ಲ ಕಡೆಯಿಂದ ಕರೆ ಬಂತು. ಫೋನ್ ಮಾಡಿದವರು ಉತ್ತಯ್ಯಣ್ಣ ಇದ್ದಾರಾ ಎಂದರೆ, ಕೆಲಸ ಹಿಡಿಯುವುದು ನಾನಲ್ಲ, ಯಮುನಳ ಹತ್ತಿರ ಮಾತಾಡಿ ಎಂದು ಅವನು ಫೋನ್ ಅವಳ ಕೈಗೆ ಕೊಡುತ್ತಿದ್ದ. ಹೇಳುವಾಗ ದನಿಯಲ್ಲಿ ಸಣ್ಣ ಜಂಬ ಇರುತ್ತಿತ್ತು. ಏಣಿಯ ಭಯ ಅವನಿಗೆ ಹೋಗಲಿಲ್ಲ. ಆದರೆ ಅದನ್ನು ಮುಚ್ಚಿಡುವುದನ್ನು ಬಿಟ್ಟ. ಒಂದು ಭಾನುವಾರ ಅಮ್ಮತ್ತಿಯಿಂದ ಬಂದ ಮಾರಿ ಕಾಲು ಹೇಗಿದೆ ಎಂದು ಕೇಳಿದಾಗ, ಕಾಲು ಸರಿಯಿದೆ, ಹೆದರಿಕೆ ಮಾರಾಯ ಎಂದು ಸಲೀಸಾಗಿ ಹೇಳಿದ. ತನಗೂ ಒಮ್ಮೊಮ್ಮೆ ಹಾಗೇ ಆಗುತ್ತದೆ ಎಂದ ಮಾರಿ. ಮುಂದಿನ ವಾರ ಅವನೂ ಒಂದು ಬೆಲ್ಟ್ ಕೊಂಡ.

ಮಳೆ ಹಿಡಿಯುವ ಮೊದಲಿನ ಕೊನೆಯ ಕೆಲಸ ಚಲುವಮ್ಮನ ಮನೆಯ ಹಿಂದಿನ ಮಾವಿನ ಮರ. ಆ ದಿನ ಮೇಲೆ ಹತ್ತಿದ್ದು ಪಾಪ. ತನಗೂ ಕಲಿಸಬೇಕೆಂದು ಅವಳು ಬೆನ್ನು ಬಿದ್ದಿದ್ದಳು. ಅಂಗನವಾಡಿಗೆ ರಜೆ ಇದ್ದ ದಿನವೆಲ್ಲ ಬಂದು ಹಗ್ಗ ಹಿಡಿದು, ಈಗ ಬೆಲ್ಟ್ ಕಟ್ಟಿಕೊಳ್ಳುವಷ್ಟಾಗಿದ್ದಳು. ಉತ್ತಯ್ಯ ಒಂದು ಕಡೆಯಿಂದ ಹೇಳಿಕೊಡುತ್ತಿದ್ದ, ಯಮುನ ಇನ್ನೊಂದು ಕಡೆಯಿಂದ. ಇಬ್ಬರ ಮಾತೂ ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ಪಾಪ ಕೊಂಬೆಯ ಮೇಲೆ ಕೂತು, ನೀವಿಬ್ಬರೂ ಮೊದಲು ಮಾತಾಡಿ ಮುಗಿಸಿ, ಆಮೇಲೆ ಗರಗಸ ಹಾಕುತ್ತೇನೆ ಎಂದಳು. ಅಷ್ಟರಲ್ಲಿ ಬೆಟ್ಟದ ಕಡೆಯಿಂದ ದಪ್ಪ ಹನಿ ಶುರುವಾಯಿತು. ಅವಳನ್ನು ಇಳಿಸಿಕೊಂಡು ಮೂವರೂ ಚಲುವಮ್ಮನ ಜಗುಲಿಗೆ ಓಡಿದರು. ಒಳಗಿನಿಂದ ಬೆಲ್ಲದ ಕಾಫಿಯ ವಾಸನೆ ಬರುತ್ತಿತ್ತು. ಯಮುನ ಒದ್ದೆ ಹಗ್ಗವನ್ನು ಹಿಂಡಿ ಬಿದಿರ ಗಳುವಿನ ಮೇಲೆ ಹರಡಿದಳು. ಉತ್ತಯ್ಯ ಅದರ ಇನ್ನೊಂದು ತುದಿ ಹಿಡಿದುಕೊಟ್ಟ.